ಕಂಚುಗಾರನ ಬೆನ್ನು

"ಬುದ್ಧೀ, ಸಂಜೆ ಹೊಳೆಯ ದಂಡೆಗೆ ತಿರುಗಾಡಲು ಹೋಗುವಾಗ ತಾವು ದಿನವೂ ಸಾಂಬಯ್ಯನನ್ನೇ ಕರೆಯುತ್ತೀರಿ. ನಾನು ಅವನಿಗಿಂತ ಎರಡು ವರ್ಷ ಮೊದಲು ಮಠಕ್ಕೆ ಬಂದವನು. ನನ್ನಲ್ಲಿ ಏನು ಕಡಿಮೆಯಾಗಿದೆ?"

ಶಿಷ್ಯ ಮರಿದೇವ ಹೀಗೆ ಕೇಳಿದಾಗ ಗುರುಗಳು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಪ್ರಶ್ನೆ ವಿನಯದಿಂದಲೇ ಬಂದಿತ್ತು. ಕೇಳಿದವನ ಮುಖ ಮಾತ್ರ ಕೆಂಪಾಗಿತ್ತು. ಗುರುಗಳು ಕೈ ಒರೆಸಿಕೊಂಡು ಜಗಲಿಯ ಮೇಲೆ ಕೂತರು.

"ಕೂತುಕೋ. ಒಂದು ಕತೆ ಹೇಳುತ್ತೇನೆ. ಯಾರಲ್ಲಿ ಏನು ಕಡಿಮೆ ಎನ್ನುವುದನ್ನು ಆಮೇಲೆ ನೋಡೋಣ" ಎಂದು ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ಜವಳಿ ವ್ಯಾಪಾರಿಯಿದ್ದ. ಪೇಟೆ ಬೀದಿಯಲ್ಲಿ ಅವನ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಹೆಂಡತಿ ಮತ್ತು ತಾಯಿ. ತಾಯಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಮೂರು ವರ್ಷವಾಗಿತ್ತು. ಮಂಚದಿಂದ ಇಳಿಯುವ ಹಾಗಿರಲಿಲ್ಲ. ಮಗ ಅವಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದ. ದೂರದ ಊರುಗಳಿಂದ ವೈದ್ಯರನ್ನು ಕರೆಸಿದ. ಮೆತ್ತನೆಯ ಹಾಸಿಗೆ ಹೊಲಿಸಿದ. ಹಣ್ಣನ್ನು ತಾನೇ ಸುಲಿದು ಬಾಯಿಗಿಡುತ್ತಿದ್ದ. ತಾಯಿ ಎಲ್ಲಕ್ಕೂ "ಆಗಲಿ ಮಗಾ" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಕಂಚುಗಾರನಿದ್ದ. ದಿನವಿಡೀ ಕುಲುಮೆಯ ಮುಂದೆ ಬೇಯುವವನು. ಸಂಜೆಗೆ ಬೆಂಕಿ ಆರಿಸಿ, ಮೈ ತಂಪು ಮಾಡಿಕೊಳ್ಳಲು ಹೊಳೆಯ ದಂಡೆ ಹಿಡಿದು ನಡೆಯುತ್ತಿದ್ದ. ಪೇಟೆಯ ಗದ್ದಲ ದಾಟಿದರೆ ಗಾಣಿಗರ ಬೀದಿ, ಅದು ಮುಗಿದರೆ ಕುಂಬಾರರ ಕೇರಿ, ಆಚೆಗೆ ನೇಕಾರರ ಕೇರಿ. ಅಲ್ಲಿ ಗಾಡಿಗಳ ಸದ್ದಿಲ್ಲ, ಕೂಗಾಟವಿಲ್ಲ. ದಾರಿಯುದ್ದಕ್ಕೂ ಎಡಗಡೆ ಹೊಳೆ. ಹಳೆಯ ದೋಣಿಗಟ್ಟೆಯ ತನಕ ಹೋಗಿ ಹಿಂದಿರುಗುತ್ತಿದ್ದ. ಬರುವಾಗ ವ್ಯಾಪಾರಿಯ ಮನೆಯೊಳಗೆ ಬಂದು, ಮುದುಕಿಯ ಮಂಚದ ಬಳಿ ಕೂತು, ದಾರಿಯಲ್ಲಿ ಕಂಡದ್ದನ್ನು ಹೇಳುತ್ತಿದ್ದ. ಅಷ್ಟೇ.

ಆ ಅಷ್ಟಕ್ಕೇ ಮುದುಕಿ ನಗುತ್ತಿದ್ದಳು. ಕಂಚುಗಾರ ಬಂದು ಹೋಗುವ ತನಕ ಊಟದ ತಟ್ಟೆ ಮುಟ್ಟುತ್ತಿರಲಿಲ್ಲ. ಮುಂದಿನ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದ ಮಗನಿಗೆ ಆ ನಗು ಕೇಳಿಸುತ್ತಿತ್ತು. ಕಂಚುಗಾರ ಆರಿಸಿ ಬಂದ ಬೆಂಕಿ ಇವನ ಹೊಟ್ಟೆಯಲ್ಲಿ ಹೊತ್ತಿಕೊಳ್ಳುತ್ತಿತ್ತು. ಹೆತ್ತ ಮಗ ನಾನೋ ಅವನೋ ಎಂದು ಹಲ್ಲು ಕಡಿಯುತ್ತಿದ್ದ. ಗಿರಾಕಿ ಕೆಂಪು ಸೀರೆ ಕೇಳಿದರೆ ಹಸಿರನ್ನು ಮುಂದಿಡುತ್ತಿದ್ದ.

ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟ. "ಅವ್ವಾ, ಅವನು ಅಂಥಾದ್ದೇನು ಹೇಳ್ತಾನೆ? ನಾನು ತರದೇ ಇರೋದನ್ನು ಅವನೇನು ತರ್ತಾನೆ?"

"ಅವನೇನೂ ತರಲ್ಲ ಮಗಾ. ಆ ನೇಕಾರರ ಕೇರಿ ನಾನು ಹುಟ್ಟಿ ಬೆಳೆದ ಜಾಗ. ಅವನು ಹೇಳ್ತಾ ಹೋದರೆ ನಾನೂ ಪಕ್ಕದಲ್ಲೇ ನಡೆದುಕೊಂಡು ಹೋದ ಹಾಗಾಗುತ್ತೆ" ಎಂದಳು ತಾಯಿ.

ವ್ಯಾಪಾರಿ ಯೋಚಿಸಿದ. ಆ ದಾರಿಯಲ್ಲಿ ನಡೆಯಲು ಕಂಚುಗಾರನಿಗೆ ಮಾತ್ರ ಕಾಲಿದೆಯೇ? ತಾನೇ ನಡೆದು ಬಂದು ತಾನೇ ಹೇಳಿದರೆ ತಾಯಿ ತನ್ನ ಮಾತಿಗೂ ನಗುತ್ತಾಳೆ. ಆದರೆ ಮೊದಲು ಕಂಚುಗಾರ ಮನೆಗೆ ಬರುವುದು ನಿಲ್ಲಬೇಕು. ಮರುದಿನ ಬೆಳಿಗ್ಗೆ ಕುಲುಮೆಗೆ ಹೋಗಿ, ಮುಖ ಸಣ್ಣದು ಮಾಡಿಕೊಂಡು, ಅವ್ವನಿಗೆ ಆಯಾಸ ಹೆಚ್ಚಾಗಿದೆ, ಸಂಜೆ ಯಾರೂ ಮಾತಾಡಿಸಬಾರದೆಂದು ವೈದ್ಯರು ಹೇಳಿದ್ದಾರೆ ಎಂದ. ಕಂಚುಗಾರ ನಂಬಿದ. ಒಳಗೆ ಹೋಗಿ ಹೊಸ ಕಂಚಿನ ಲೋಟವೊಂದನ್ನು ತಂದು, ದೊಡ್ಡವ್ವನಿಗೆ ಇದರಲ್ಲಿ ನೀರು ಕೊಡಿ ಎಂದು ಕೈಗಿತ್ತ. ವ್ಯಾಪಾರಿ ಅದನ್ನು ಅಂಗಡಿಯ ಅಟ್ಟದ ಮೇಲೆ ಒಗೆದು, ಕಂಚುಗಾರನಿಗೆ ಈಗ ಕೈತುಂಬ ಕೆಲಸವಂತೆ, ಬರಲು ಆಗುವುದಿಲ್ಲವಂತೆ ಎಂದು ತಾಯಿಗೆ ಹೇಳಿದ.

ಆ ಸಂಜೆ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಹೊರಟ. ಎಲ್ಲಿ ನಿಲ್ಲಬೇಕು, ಏನು ನೋಡಬೇಕು ಎಂಬುದು ಅವನಿಗೆ ತಿಳಿಯದು. ಕಂಚುಗಾರನ ಹಿಂದೆ ನಡೆದರೆ ಅವನು ಕಂಡದ್ದೆಲ್ಲ ತನಗೂ ಕಂಡೀತು ಎಂದುಕೊಂಡು ಮೂವತ್ತು ಹೆಜ್ಜೆ ಹಿಂದೆ ನಡೆದ. ಗಾಣಿಗರ ಬೀದಿಯಲ್ಲಿ ಒಬ್ಬಳು ಹೆಂಗಸು ಕಂಚುಗಾರನಿಗೆ ಮಜ್ಜಿಗೆ ಕೊಟ್ಟಳು. ಇವನನ್ನು ಯಾರೂ ಏನು ಎಂದು ಕೂಡ ಕೇಳಲಿಲ್ಲ. ಕುಂಬಾರರ ಕೇರಿಯಲ್ಲಿ ಒಬ್ಬ ಮುದುಕ ತಿಗರಿಯನ್ನು ನಿಲ್ಲಿಸಿ ಕಂಚುಗಾರನ ಜೊತೆ ಮಾತಿಗೆ ನಿಂತ. ಕಂಚು ಬಡಿಯುವವನಿಗೆ ಇಷ್ಟು ಮರ್ಯಾದೆಯೇ, ಈ ಜನರ ಹೆಣ್ಣುಮಕ್ಕಳ ಮದುವೆಗೆ ಸೀರೆ ಕೊಟ್ಟವನು ನಾನಲ್ಲವೇ ಎಂದು ವ್ಯಾಪಾರಿಗೆ ಮೈಯೆಲ್ಲ ಉರಿಯಿತು. ಮನೆ ಬಿಡುವಾಗ ಒಂದಿದ್ದ ಹೊಟ್ಟೆಕಿಚ್ಚು ದೋಣಿಗಟ್ಟೆ ಮುಟ್ಟುವ ಹೊತ್ತಿಗೆ ಏಳೆಂಟಾಗಿತ್ತು.

ಕಂಚುಗಾರ ತಿರುಗುವ ಮೊದಲೇ ವ್ಯಾಪಾರಿ ಅಡ್ಡದಾರಿಯಲ್ಲಿ ಓಡೋಡಿ ಬಂದು ತಾಯಿಯ ಮಂಚದ ಬಳಿ ಕೂತ. "ಅವ್ವಾ, ಇವತ್ತು ನಾನೇ ಹೋಗಿದ್ದೆ" ಎಂದ.

ತಾಯಿಯ ಮುಖ ಅರಳಿತು. ದಿಂಬಿಗೆ ಒರಗಿ ಎದ್ದು ಕೂರಲು ನೋಡಿದಳು. ಮೂರು ವರ್ಷದಲ್ಲಿ ಅವನಿಗಾಗಿ ಅವಳು ಹಾಗೆ ಎದ್ದದ್ದು ಅದೇ ಮೊದಲು. ವ್ಯಾಪಾರಿಗೆ ಹಿಗ್ಗೋ ಹಿಗ್ಗು. "ಕೇರಿಯ ತಿರುವಿನಲ್ಲಿ ಬಾವಿ ಇದೆಯಲ್ಲ, ಈಗಲೂ ಅಲ್ಲಿ ನೀರು ಸೇದ್ತಾರಾ?" ಎಂದು ತಾಯಿ ಕೇಳಿದಳು. ವ್ಯಾಪಾರಿ ನೆನಪಿಸಿಕೊಂಡ. ತಿರುವಿನಲ್ಲಿ ಕಂಚುಗಾರ ಬಲಗಡೆಗೆ ಕತ್ತು ಹೊರಳಿಸಿದ್ದು ನೆನಪಾಯಿತು. ಬಾವಿ ನೆನಪಾಗಲಿಲ್ಲ. "ನಾಳೆ ನೋಡ್ಕೊಂಡು ಬರ್ತೀನಿ" ಎಂದ.

ಮರುದಿನ ಹೋದ. ಅವತ್ತು ಕಂಚುಗಾರ ಬಾವಿಯ ಬಳಿ ಯಾರದೋ ಕೂಸನ್ನು ಎತ್ತಿಕೊಂಡ. ಕೂಸಿನ ತಾಯಿ ಎಷ್ಟು ನಗುನಗುತ್ತ ಕೊಟ್ಟಳು ಎಂಬುದನ್ನು ವ್ಯಾಪಾರಿ ಚೆನ್ನಾಗಿ ನೋಡಿದ. ಮನೆಗೆ ಬಂದ ಮೇಲೆ ತಾಯಿ ಬಾವಿಯ ಹಗ್ಗ, ರಾಟೆ, ಕಟ್ಟೆ ಎಲ್ಲವನ್ನೂ ಕೇಳಿದಳು. ಅವನು ಅದ್ಯಾವುದನ್ನೂ ನೋಡಿರಲಿಲ್ಲ. ಹೀಗೆ ನಲವತ್ತು ದಿನ ನಡೆಯಿತು. ತಾಯಿ ದಿಂಬಿಗೆ ಒರಗಿ ಏಳುವುದನ್ನು ಬಿಟ್ಟಳು. ಊಟ ಕಡಿಮೆ ಮಾಡಿದಳು. ಕಂಚುಗಾರನ ಕೆಲಸ ಇನ್ನೂ ಮುಗಿದಿಲ್ಲವೇ ಎಂದು ಮಾತ್ರ ಆಗಾಗ ಕೇಳುತ್ತಿದ್ದಳು.

ಆ ಪ್ರಶ್ನೆ ವ್ಯಾಪಾರಿಗೆ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು. ನಲವತ್ತೊಂದನೆಯ ದಿನ, ಹೇಗಾದರೂ ತಾಯಿಯನ್ನು ನಗಿಸಬೇಕೆಂದು, ಕಾಣದ್ದನ್ನು ಕಂಡಂತೆ ಹೇಳಿದ. "ಅವ್ವಾ, ಇವತ್ತು ನಿನ್ನ ತೌರುಮನೆ ನೋಡಿದೆ. ಬಾಗಿಲಿಗೆ ಹಸಿರು ಬಣ್ಣ ಹೊಡೆದಿದ್ದಾರೆ. ಮುಂದೆ ಎಷ್ಟು ಚೆಂದ ರಂಗೋಲಿ ಹಾಕಿದ್ದರು ಗೊತ್ತಾ!"

ತಾಯಿ ಅವನನ್ನೇ ನೋಡಿದಳು. ಕೋಪ ಮಾಡಿಕೊಳ್ಳಲಿಲ್ಲ. "ಆ ಮನೆ ಬಿದ್ದು ಎರಡು ವರ್ಷ ಆಯ್ತು ಮಗಾ. ಕಂಚುಗಾರ ಹೇಳಿದ್ದ. ಈಗ ಅಲ್ಲಿ ಕುಂಬಳದ ಬಳ್ಳಿ ಹಬ್ಬಿದೆಯಂತೆ. ಎಲ್ಲೀ ತನಕ ಹಬ್ಬಿತು ಅಂತ ಕೇಳಬೇಕು ಅಂತಿದ್ದೆ. ಹೋಗಲಿ, ದಾರಿಯಲ್ಲಿ ನಿಜವಾಗಿ ಏನು ಕಂಡೆಯೋ ಅದನ್ನೇ ಹೇಳು."

ವ್ಯಾಪಾರಿ ಕಂಡದ್ದನ್ನೇ ಹೇಳಿದ. ಕಂಚುಗಾರನ ಪಂಚೆಯಲ್ಲಿ ಕಿಡಿ ಹಾರಿ ಸುಟ್ಟ ಮೂರು ತೂತುಗಳಿವೆ ಎಂದ. ಹೆಗಲ ಮೇಲಿನ ವಸ್ತ್ರ ಎಡಕ್ಕೆ ಜಾರುತ್ತದೆ, ನೂರು ಹೆಜ್ಜೆಗೊಮ್ಮೆ ಅದನ್ನು ಸರಿಮಾಡಿಕೊಳ್ಳುತ್ತಾನೆ ಎಂದ. ಹೋಗುವಾಗ ನೇರವಾಗಿಯೇ ನಡೆಯುತ್ತಾನೆ, ದೋಣಿಗಟ್ಟೆಯ ಹತ್ತಿರ ಬಂದಾಗ ಬಲಗಾಲನ್ನು ಸ್ವಲ್ಪ ಎಳೆಯುತ್ತಾನೆ ಎಂದ. ಬೆನ್ನಿನ ಮೇಲೆ ಎಲ್ಲಿ ಬೆವರು ಮೂಡುತ್ತದೆ ಎಂಬುದನ್ನೂ ಹೇಳಿದ. ಇದನ್ನೆಲ್ಲ ಹೇಳಲು ಒಂದು ಚೂರೂ ತಡವರಿಸಲಿಲ್ಲ.

"ಕಾಲು ಎಳೀತಾನಾ?" ಎಂದಳು ತಾಯಿ. "ಪಾಪ, ದಿನವಿಡೀ ಕುಕ್ಕರುಗಾಲಲ್ಲಿ ಕೂರ್ತಾನಲ್ಲ. ಬಿಸಿ ಎಣ್ಣೆ ತಿಕ್ಕಿಕೊಳ್ಳೋಕೆ ಹೇಳು." ಹೇಳಿ ಗೋಡೆಯ ಕಡೆಗೆ ಹೊರಳಿ ಮಲಗಿದಳು.

ಎರಡು ದಿನ ಅವಳು ಅನ್ನ ಮುಟ್ಟಲಿಲ್ಲ. ಮೂರನೆಯ ಸಂಜೆ ವ್ಯಾಪಾರಿ ಕಂಚುಗಾರನ ಬಾಗಿಲಿಗೆ ಹೋಗಿ ನಿಂತ. ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡು, "ಅವ್ವ ನಿನ್ನ ದಾರಿ ಕಾಯ್ತಿದ್ದಾಳೆ, ಬಾ" ಎಂದ.  ಕಂಚುಗಾರ ಏನನ್ನೂ ಕೆದಕದೆ ಕಾಲು ತೊಳೆದುಕೊಂಡು ಬಂದ.

ವ್ಯಾಪಾರಿ ಒಳಗೆ ಹೋಗದೆ ಹೊಸಿಲ ಆಚೆ ಕೂತು ಕೇಳಿದ. ಕುಂಬಳದ ಬಳ್ಳಿ ಪಕ್ಕದ ನೇಕಾರನ ಮನೆಯ ಮಾಡು ಹತ್ತಿದೆ, ಅವನ ಹೆಂಡತಿ ಹೂವನ್ನೆಲ್ಲ ಕಿತ್ತು ಪಲ್ಯ ಮಾಡಿದ್ದಕ್ಕೆ ಗಂಡಹೆಂಡಿರಿಗೆ ಜಗಳವಾಗಿದೆ. ಕುಂಬಾರರ ಮುದುಕ ಈಗ ಕಣ್ಣು ಮುಚ್ಚಿಕೊಂಡೇ ಮಡಕೆಯ ಕಂಠ ತಿದ್ದುತ್ತಾನೆ. ಮುಳುಗಿದ ದೋಣಿಯ ತುದಿಯಲ್ಲಿ ಒಂದು ಕೊಕ್ಕರೆ ತಿಂಗಳಿಂದ ಅದೇ ಹೊತ್ತಿಗೆ ಬಂದು ನಿಲ್ಲುತ್ತದೆ. ಒಳಗೆ ತಾಯಿ ನಗುತ್ತಿದ್ದಳು. ಅನ್ನ ಬಡಿಸಲು ಸೊಸೆಯನ್ನು ಕೂಗಿದಳು. ನಲವತ್ತೊಂದು ದಿನ ವ್ಯಾಪಾರಿ ನಡೆದ ದಾರಿಯೇ ಅದು. ಕಂಚುಗಾರ ಹೇಳಿದ್ದರಲ್ಲಿ ಒಂದೂ ಅವನಿಗೆ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚಿನ ಜೊತೆಗೆ ಅಳುವೂ ಬಂತು.

ಗುರುಗಳು ಕತೆ ನಿಲ್ಲಿಸಿದರು. ಮರಿದೇವ ನಕ್ಕುಬಿಟ್ಟ.

"ಎಂಥ ದಡ್ಡ, ಬುದ್ಧೀ! ಅಷ್ಟು ದಿನ ನಡೆದರೂ ಅವನಿಗೆ ಒಂದು ಬಾವಿ ಕಾಣಲಿಲ್ಲವೇ?"

ಗುರುಗಳು ಎದ್ದು ಕೋಲನ್ನು ಕೈಗೆ ತೆಗೆದುಕೊಂಡರು.

"ನಿನ್ನೆ ಸಂಜೆ ನನ್ನ ಮತ್ತು ಸಾಂಬಯ್ಯನ ಹಿಂದೆಯೇ ಮರೆಯಲ್ಲಿ ಬಂದೆಯಲ್ಲ ಮರಿದೇವಾ, ಹೊಳೆಯಲ್ಲಿ ನೀರು ಏರಿತ್ತೋ, ಇಳಿದಿತ್ತೋ?"