ಅಣ್ಣನ ಹರಿದ ಬಾಲ

ಆಫ್ರಿಕಾದ ಕಾಂಗೋ ನದಿಯನ್ನು ಒಂದೇ ಉಸಿರಿಗೆ ಈಜಿ ದಾಟಿದವನು ನಾನು. ಸುಳ್ಳು ಪುಟ್ಟೀ, ಶುದ್ಧ ಸುಳ್ಳು. ನನಗೆ ಈಜೇ ಬರೋದಿಲ್ಲ. ಆ ನದಿಯ ಮೀನನ್ನು ನೋಡಿದ್ದೂ ಈ ಹೋಟೆಲಿನ ಗಾಜಿನ ತೊಟ್ಟಿಯಲ್ಲೇ. ಆದರೆ ಕತೆ ಮಾತ್ರ ಅಲ್ಲಿಯದೇ.

ಲೋಕದ ಬಣ್ಣ ಇನ್ನೂ ಆರದಿದ್ದ ಕಾಲ. ಸೂರ್ಯ ಮಿಕ್ಕ ಬಣ್ಣವನ್ನು ಬೆರಳಿನಿಂದ ಕೊಡವಿದಾಗ ಒಂದಿಷ್ಟು ಲೊಕೋ ಎಂಬ ಪುಟ್ಟ ಮೀನಿನ ಮೈಮೇಲೆ ಬಿತ್ತು. ನೀಲಿ, ಹೊನ್ನು, ಕೆಂಪು. ಬಾಲವಂತೂ ರೇಷ್ಮೆಯ ಸೆರಗು.

ಆಗ ಮೀನುಗಳು ಗುಂಪು ಕಟ್ಟುತ್ತಿರಲಿಲ್ಲ. ಲೊಕೋಗೆ ಜೊತೆ ಅಂತ ಇದ್ದವಳು ತಂಗಿ ಮಿಸೀ ಒಬ್ಬಳೇ. ನೀರು ಜೋರಾದಾಗಲೆಲ್ಲ ಅವಳು ಅಣ್ಣನ ಬಾಲವನ್ನು ಬಾಯಲ್ಲಿ ಕಚ್ಚಿ ಹಿಡಿಯುವಳು. ಸಣ್ಣವರು ದೊಡ್ಡವರ ಬಾಲ ಹಿಡಿಯುವುದು ಆ ನದಿಯ ಪದ್ಧತಿ.

ಒಂದು ದಿನ ನದಿ ಕೂಗಿತು: "ಮಕ್ಕಳೇ, ಮೇಲೆ ಭಾರಿ ಮಳೆ. ನಾನು ಓಡಿ ಬರ್ತಿದ್ದೀನಿ, ನಿಲ್ಲೋಕಾಗಲ್ಲ. ಒಬ್ಬರನ್ನೊಬ್ಬರು ಹಿಡ್ಕೊಳ್ಳಿ!"

"ಅಣ್ಣಾ, ಬಾಲ ಕೊಡೋ."

"ಥೂ, ನಿನ್ನ ಬಾಯಿ ತುಂಬ ಪಾಚಿ! ಹೊಸ ಬಾಲ ಕಣೇ, ಹಾಳಾಗುತ್ತೆ. ಆ ಜೊಂಡು ಹಿಡ್ಕೋ ಹೋಗು."

"ಜೊಂಡು ನನ್ನ ಅಣ್ಣನಾ?" ಎಂದವಳೇ ಮಿಸೀ ಬಾಲದ ನಡುವಿಗೆ ಬಾಯಿ ಹಾಕಿಬಿಟ್ಟಳು.

ಲೊಕೋ ರೇಗಿ ಕೊಡವಿದ. ಒಂದೇ ಒಂದು ಸಲ. ಅಷ್ಟರಲ್ಲಿ ನದಿ ಬಂದುಬಿಟ್ಟಿತು. ತಿರುಗಿ ನೋಡಿದರೆ ಬಾಲದ ನಡುವೆಲ್ಲ ಚಿಂದಿ, ತಂಗಿ ಇಲ್ಲ.

"ನದಿಯಮ್ಮಾ, ಅವಳನ್ನ ವಾಪಸ್ ತಂದುಕೊಡು. ಪೂರ್ತಿ ಬಾಲ ಅವಳಿಗೇ ಕೊಡ್ತೀನಿ."

"ಹಿಂದಕ್ಕೆ ಹರಿಯೋದು ನನಗೆ ಯಾರೂ ಕಲಿಸಲಿಲ್ಲವಲ್ಲೋ ಕಂದಾ," ಎಂದಿತು ನದಿ.

ಲೊಕೋ ಕಂಡ ಕಂಡ ಮೀನನ್ನೆಲ್ಲ ಕೇಳಿದ: "ನನ್ನ ತಂಗಿಯನ್ನು ಕಂಡಿರಾ?" ಆ ಹರಿದ ಬಾಲ ನೋಡಿ ಮರುಗಿ, ಒಂದೊಂದೇ ಮೀನು ಅವನ ಜೊತೆ ಹುಡುಕಲು ಹೊರಟಿತು. ಎಲ್ಲೋ ಏನೋ ಫಳಕ್ಕೆಂದರೆ ಸಾಕು, "ಅಗೋ ಮಿಸೀ!" ಎಂದು ಎಲ್ಲರೂ ಒಟ್ಟಿಗೆ ತಿರುಗುವರು. ಹೋಗಿ ನೋಡಿದರೆ, ತಮ್ಮದೇ ಗುಂಪಿನ ಯಾರದೋ ಮೈಯ ಹೊಳಪು.

ಅದಕ್ಕೇ ಪುಟ್ಟೀ, ಇವತ್ತಿಗೂ ಈ ಗಂಡುಮೀನಿನ ಬಾಲ ನಡುವೆ ಹರಿದ ಹಾಗಿರುತ್ತದೆ, ಇಡೀ ಗುಂಪು ಒಂದೇ ಸಲ ಗಕ್ಕನೆ ತಿರುಗುತ್ತದೆ. ನೋಡು, ಈಗ ತಿರುಗಿದವು. ಈ ಸಲವೂ ಅವಳಲ್ಲ.

ನನ್ನ ಕಣ್ಣಾ? ಚಹಾದ ಹಬೆ ಕಣೇ. ಅಂದಹಾಗೆ, ನಿಮ್ಮಪ್ಪ ಗಲ್ಲಾದ ಹತ್ತಿರ ಹೋಗ್ತಿದ್ದಾರೆ. ನನ್ನ ಚಹಾದ್ದೂ ಸೇರಿಸಿ ಕೊಡೋಕೆ ಹೇಳ್ತೀಯಾ?