ಬಾಗಿದ ದಾರಿ

"ಗುರುಗಳೇ, ಎಷ್ಟೋ ಮಠಗಳನ್ನು ಸುತ್ತಿ ಬಂದೆ. ದೊಡ್ಡವರೆಲ್ಲ ಸಂಸಾರ ಬಿಟ್ಟವರೇ. ತಮಗೂ ಹೆಂಡತಿಯಿಲ್ಲ, ಮನೆಯಿಲ್ಲ. ಅದಕ್ಕೇ ನಾನೂ ಬಿಟ್ಟು ಬಂದೆ. ಆದರೆ ಹೆಂಡತಿ ಬೆಳಗಿನಿಂದ ಬಾಗಿಲ ಹೊರಗೆ ನಿಂತಿದ್ದಾಳೆ. ಅವಳಿಗೆ ಏನೆಂದು ಹೇಳಲಿ?"

"ಮೊದಲು ನೀರು ಕೊಟ್ಟು ಬಾ," ಎಂದರು ಗುರುಗಳು.

ಶಿಷ್ಯ ಕೊಟ್ಟು ಬಂದ. ಗುರುಗಳು ಗಂಟುಮುಖದಲ್ಲೇ ಕತೆ ಶುರುಮಾಡಿದರು.

ಒಬ್ಬ ವ್ಯಾಪಾರಿಗೆ ಮನೆಯ ಮುಂದೆ ಹೂದೋಟ ಮಾಡಬೇಕೆನಿಸಿತು. ಕಲಿಯಲು ಹೊರಟ. ಕಲಿಯುವುದು ಎಂದರೆ ಅವನ ಲೆಕ್ಕದಲ್ಲಿ ಕಂಡವರ ತೋಟ ನೋಡುವುದು. ವಾರವಾರವೂ ಒಬ್ಬೊಬ್ಬರ ಮನೆಗೆ ಹೋಗುತ್ತಿದ್ದ. ಗಿಡದ ಹೆಸರು ಕೇಳುತ್ತಿದ್ದ, ಗೊಬ್ಬರ ಯಾವುದೆಂದು ಕೇಳುತ್ತಿದ್ದ, ಬರುವಾಗ ನೆಡಲೆಂದು ಒಂದು ಕಡ್ಡಿ ಮುರಿದುಕೊಳ್ಳುತ್ತಿದ್ದ. ಏಕೆ ಎಂಬುದೊಂದನ್ನು ಬಿಟ್ಟು ಎಲ್ಲವನ್ನೂ ಕೇಳಿದ.

ಆ ಊರಿನಲ್ಲಿ ತೋಟ ರೂಪಿಸುವುದರಲ್ಲಿ ಪಳಗಿದ ಮುದುಕಿಯೊಬ್ಬಳಿದ್ದಳು. ಅವಳ ತೋಟದ ದಾರಿ ಗೇಟಿನಿಂದ ನೆಟ್ಟಗೆ ಬಂದು, ನಡುವೆ ಒಮ್ಮೆ ಬಾಗಿ, ಮತ್ತೆ ನೆಟ್ಟಗಾಗಿ ಮನೆ ಸೇರುತ್ತಿತ್ತು. ನೋಡಿದವರೆಲ್ಲ ಆ ಬಾಗಿಗೆ ಮರುಳಾಗುತ್ತಿದ್ದರು. ವ್ಯಾಪಾರಿ ಹಗ್ಗ ತಂದು ಅಳೆದುಕೊಂಡು ಹೋದ.

ತನ್ನ ಅಂಗಳದಲ್ಲಿ ಹಗ್ಗ ಹಿಡಿದಾಗ, ಬಾಗು ಬರಬೇಕಾದಲ್ಲಿ ಒಂದು ಸಂಪಿಗೆ ಮರ ನಿಂತಿತ್ತು. ಹೆಂಡತಿ ಮದುವೆಯಾಗಿ ಬಂದ ವರ್ಷ ನೆಟ್ಟದ್ದು. ಹೆತ್ತ ಮಗು ಉಳಿಯದೆ ಹೋದಾಗ ಅವಳು ಅದರ ಬುಡದಲ್ಲೇ ಕುಳಿತು ಅತ್ತಿದ್ದಳು.

"ದಾರಿ ನೆಟ್ಟಗೇ ಹೋಗಲಿ ಬಿಡಿ. ಮರ ಅದರ ಪಾಡಿಗೆ ಇರುತ್ತೆ," ಎಂದಳು.

"ನಿನಗೇನು ಗೊತ್ತು? ಎಂತೆಂಥ ತೋಟ ನೋಡಿ ಬಂದಿದ್ದೇನೆ ನಾನು!"

"ನೋಡಿದ್ದೀರಿ. ನಮ್ಮ ಅಂಗಳವೊಂದನ್ನು ಬಿಟ್ಟು."

ಅವನು ಮರ ಕಡಿಸಿದ. ಬಾಗು ಅಳತೆಗೆ ಸರಿಯಾಗಿ ಬಂತು. ಮೆಚ್ಚಿಸಿಕೊಳ್ಳಬೇಕಲ್ಲ, ಮುದುಕಿಯನ್ನು ಕರೆಸಿದ.

ಕಾಂಪೌಂಡಿಗೆ ಒರಗಿಸಿದ್ದ ದಿಮ್ಮಿಗಳನ್ನು ಕಂಡು ಅವಳು ನಿಂತಳು. "ಇದೆಲ್ಲಿತ್ತು ಸೆಟ್ಟರೇ?"

"ಇಲ್ಲೇ. ನಿಮ್ಮ ಬಾಗಿಗೆ ಅಡ್ಡ ಬಂತು, ತೆಗೆಸಿದೆ."

ಮುದುಕಿ ಊರುಗೋಲನ್ನು ನೆಲಕ್ಕೆ ಕುಟ್ಟಿದಳು. "ಅಯ್ಯೋ ಮುಠ್ಠಾಳ! ನನ್ನ ದಾರಿಗೆ ಒಂದು ಹೊಂಗೆ ಮರ ಅಡ್ಡ ಇತ್ತು. ಕಡಿಯಲು ಮನಸ್ಸು ಬಾರದೆ ದಾರಿಯನ್ನೇ ಬಾಗಿಸಿದೆ. ಆಮೇಲೆ ಮರ ಗಾಳಿಗೆ ಬಿತ್ತು, ಬಾಗು ಉಳಿಯಿತು. ಮರ ಉಳಿಸಲು ನಾನು ಮಾಡಿದ್ದನ್ನು ನೀನು ಮರ ಕಡಿದು ಮಾಡಿದೆಯಲ್ಲೋ!"

ಕೊಟ್ಟ ಕಾಫಿ ಮುಟ್ಟದೆ ಅವಳು ಹೊರಟುಹೋದಳು. ವ್ಯಾಪಾರಿಯ ಹೆಂಡತಿ ಆ ಬಾಗಿನಲ್ಲಿ ಒಂದು ದಿನವೂ ಕಾಲಿಡಲಿಲ್ಲ. ಗೇಟಿಗೆ ಹೋಗುವಾಗಲೆಲ್ಲ ನೆಟ್ಟಗೆ, ಅವನ ಹೂಗಿಡಗಳನ್ನು ತುಳಿದೇ ನಡೆದಳು.

ಗುರುಗಳು ಕತೆ ನಿಲ್ಲಿಸಿದರು. ಬಾಗಿಲ ಹೊರಗೆ ಬಳೆ ಸದ್ದಾಯಿತು.

ಶಿಷ್ಯ ತಡವರಿಸಿದ. "ಹಾಗಾದರೆ ತಾವು ಸಂಸಾರ ಬಿಟ್ಟು ಬಂದದ್ದು..."

"ನಾನು ಬಿಟ್ಟು ಬಂದವನಲ್ಲವೋ, ನನ್ನವಳನ್ನು ಮಣ್ಣು ಮಾಡಿ ಬಂದವನು."