ಬೆನ್ನು ಹತ್ತಿದ್ದು

ಪಟೇಲರಿಗೆ ಮೂರು ವರ್ಷದಿಂದ ಸೊಂಟನೋವು. ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಒಂದು ದಿನ ಎಣ್ಣೆ ತಿಕ್ಕುವ ಆಳು ಹುಚ್ಚೀರನ ಮೇಲೆ ಗುಡುಗಿದರು: “ಇದು ದೆವ್ವದ ಕಾಟ ಕಣೋ. ಬಿಡಿಸು, ಇಲ್ಲಾ ಊರು ಬಿಡು!”

ಮಲಗಿ ಮಲಗಿಯೇ ಸೊಂಟ ಹಿಡಿದಿದೆ ಎಂದರೆ ಕೇಳುವ ಆಸಾಮಿಯಲ್ಲ. ಹುಚ್ಚೀರ ದನಿ ತಗ್ಗಿಸಿದ.

“ಹೌದು ಬುದ್ಧಿ, ಬೆನ್ನು ಹತ್ತಿದೆ. ಮಲಗಿದ್ರೂ ಕೂತ್ರೂ ಮೇಲೇ ಕೂತಿರ್ತದೆ. ಎದ್ದು ನಡೆದ್ರೆ ಇಳಿದು ಹಿಂದೆ ಬರ್ತದೆ. ದಿನಾ ಕೆರೆ ಏರಿ ಮೇಲೆ ನಡೀರಿ. ತಿರುಗಿ ಮಾತ್ರ ನೋಡಬೇಡಿ.”

ನಂಬಿಕೆ ಬರಲೆಂದು ಮೊದಲ ವಾರ ತಾನೇ ಹಿಂದೆ ಹೆಜ್ಜೆ ಸಪ್ಪಳ ಮಾಡುತ್ತ ನಡೆದ. ಆಮೇಲೆ ಬಿಟ್ಟುಬಿಟ್ಟ.

ಎರಡು ತಿಂಗಳಲ್ಲಿ ಪಟೇಲರ ಸೊಂಟ ಸಡಿಲಾಯಿತು.

“ನೀನು ಹೇಳಿದ್ದು ನಿಜ ಕಣೋ,” ಎಂದರು ಖುಷಿಯಾಗಿ. “ಇವತ್ತೂ ಏರಿ ಉದ್ದಕ್ಕೂ ಹಿಂದೇನೇ ಬಂತು.”

ಕೂತಿದ್ದ ಹುಚ್ಚೀರ ಮೆಲ್ಲಗೆ ಎದ್ದು ನಿಂತ. ಅವತ್ತಿನಿಂದ ಅವನು ಕೂತದ್ದನ್ನು ಊರಲ್ಲಿ ಯಾರೂ ಕಂಡಿಲ್ಲ.